ಬಾಯಿಂಕ್ ಸಂಪರ್ಕ ನಿಂತಾಗ ನೋಡಬೇಕಾದ ದಿನಾಂಕಗಳು: ಒಂದು ಟಿಪ್ಪಣಿ

1. ವ್ಯಾಪ್ತಿ

ಮನೆಯ ಕಂಪ್ಯೂಟರಿನ ಬಿಡುವಿನ ವೇಳೆಯನ್ನು ವೈಜ್ಞಾನಿಕ ಲೆಕ್ಕಾಚಾರಕ್ಕೆ ಒದಗಿಸುವ ಬಾಯಿಂಕ್ ತಂತ್ರಾಂಶ ಬರ್ಕ್ಲಿಯಲ್ಲಿ ಡೇವಿಡ್ ಆಂಡರ್ಸನ್ ಅವರ ನೇತೃತ್ವದಲ್ಲಿ ರೂಪುಗೊಂಡಿತು. ಅದು ಸರ್ವರ್‌ನೊಡನೆ ಮಾತು ನಿಲ್ಲಿಸಿದರೆ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಮೊದಲ ಸಂಶಯ ನೆಟ್‌ವರ್ಕಿನ ಮೇಲೆ ಹೋಗುವುದು ಸಹಜ. ದೋಷ ದಿನಾಂಕದಲ್ಲಿರುವ ಪ್ರಕರಣಗಳಿಗಷ್ಟೇ ಈ ಟಿಪ್ಪಣಿ ಸೀಮಿತ.

2. ಸರ್ಟಿಫಿಕೇಟಿನ ಅವಧಿ

ಸರ್ವರಿನ ಗುರುತನ್ನು ದೃಢಪಡಿಸುವ ಸರ್ಟಿಫಿಕೇಟಿನ ಅವಧಿ ಮುಗಿದು ಸಂಪರ್ಕ ನಿಂತ ಎರಡು ನಿದರ್ಶನಗಳು ದಾಖಲಾಗಿವೆ. ಆಡ್‌ಟ್ರಸ್ಟ್ ಮೂಲ ಸರ್ಟಿಫಿಕೇಟಿನ ಅವಧಿ 2020ರ ಮೇ 30ರಂದು ಯುಟಿಸಿ 10:48:38ಕ್ಕೆ ಮುಗಿಯಿತು. ಅದರಿಂದ ರೊಸೆಟಾ ಸೇರಿದಂತೆ ಕೆಲವು ಬಾಯಿಂಕ್ ಯೋಜನೆಗಳ ಸಂಪರ್ಕ ಕಡಿಯಿತು. ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ ಇನ್ನೊಂದು ಮೂಲ ಸರ್ಟಿಫಿಕೇಟಿನ ಅವಧಿ 2021ರ ಸೆಪ್ಟೆಂಬರ್ 30ರಂದು ಯುಟಿಸಿ 14:01:15ಕ್ಕೆ ತೀರಿತು. ಬಾಯಿಂಕಿನ ವಿಂಡೋಸ್ ಆವೃತ್ತಿ ತನ್ನದೇ ಸರ್ಟಿಫಿಕೇಟ್ ಪಟ್ಟಿಯನ್ನು ಇಟ್ಟುಕೊಳ್ಳುವುದರಿಂದ, ಬ್ರೌಸರಿನಲ್ಲಿ ಯೋಜನೆಯ ಪುಟ ಸಲೀಸಾಗಿ ತೆರೆದರೂ ಬಾಯಿಂಕ್ ಸೋಲಬಹುದು. 7.16.7 ಮತ್ತು 7.16.20 ಆವೃತ್ತಿಗಳು ಪಟ್ಟಿಯನ್ನು ಕ್ರಮವಾಗಿ ಸರಿಪಡಿಸಿದವು. ಲಿನಕ್ಸ್ ಪ್ಯಾಕೇಜುಗಳು ಸಾಮಾನ್ಯವಾಗಿ ವ್ಯವಸ್ಥೆಯ ಪಟ್ಟಿಯನ್ನೇ ಬಳಸುತ್ತವೆ. ಅಲ್ಲಿನ ಪರಿಣಾಮವನ್ನು ಪ್ರತ್ಯೇಕವಾಗಿಯೇ ನೋಡಬೇಕು.

ಲಾಗ್ ಓದುವಾಗ ಒಂದು ಎಚ್ಚರಿಕೆ ಅಗತ್ಯ. ಈವೆಂಟ್ ಲಾಗ್ ಸ್ಥಳೀಯ ಸಮಯ ತೋರಿಸುತ್ತದೆ, ಯೋಜನೆಗಳ ಪುಟಗಳು ಸಾಮಾನ್ಯವಾಗಿ ಯುಟಿಸಿ. ಮೇಲಿನ ಕ್ಷಣಗಳು ನಮ್ಮಲ್ಲಿ ಸಂಜೆ 4:18:38 ಮತ್ತು 7:31:15. ಐದೂವರೆ ಗಂಟೆಯ ಈ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಸರ್ವರ್ ಕೆಟ್ಟ ಹೊತ್ತಿಗೂ ಇಲ್ಲಿ ಸಂಪರ್ಕ ತಪ್ಪಿದ ಹೊತ್ತಿಗೂ ತಾಳೆಯಾಗುವುದಿಲ್ಲ. ಸೋತ ಮೇಲೆ ಬಾಯಿಂಕ್ ಗೂಗಲ್ ತಾಣವನ್ನು ತಟ್ಟಿ ನೋಡಿ, ಇಂಟರ್‌ನೆಟ್ ಸರಿಯಿದೆ, ಸರ್ವರ್ ತಾತ್ಕಾಲಿಕವಾಗಿ ನಿಂತಿರಬಹುದು ಎಂಬರ್ಥದ ಸಾಲು ಬರೆಯುತ್ತದೆ. ಅದರ ಉತ್ತರಾರ್ಧ ಊಹೆ ಮಾತ್ರ. ಅದನ್ನು ಪುರಾವೆಯೆಂದು ಎಣಿಸಬಾರದು.

3. ಯಂತ್ರದ ಗಡಿಯಾರ

ಇದು ನಮ್ಮ ಭಾಗಕ್ಕೆ ಹೆಚ್ಚು ಸಂಬಂಧಿಸಿದ್ದು. ಡೆಸ್ಕ್‌ಟಾಪಿಗೆ ಕರೆಂಟ್ ಇಲ್ಲದಾಗ ಮದರ್‌ಬೋರ್ಡಿನ 3 ವೋಲ್ಟಿನ ಸಿಆರ್2032 ಬ್ಯಾಟರಿ ಬಿಲ್ಲೆಯೇ ಗಡಿಯಾರವನ್ನು ನಡೆಸುತ್ತದೆ. ಕರೆಂಟ್ ಪದೇ ಪದೇ ಹೋಗುವಲ್ಲಿ, ಅಥವಾ ಗೋಡೆಯ ಸ್ವಿಚ್ಚನ್ನೇ ಆರಿಸುವ ರೂಢಿಯಿರುವಲ್ಲಿ, ಅದು ಬೇಗ ಸವೆಯುತ್ತದೆ. ಬಿಲ್ಲೆ ಬರಿದಾದರೆ ದಿನಾಂಕ ವರ್ಷಗಳಷ್ಟು ಹಿಂದಕ್ಕೆ ಬೀಳಬಹುದು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ನೀಡುವ ಸರ್ಟಿಫಿಕೇಟುಗಳ ಅವಧಿ ಬಹುಕಾಲ 90 ದಿನಗಳದ್ದಾಗಿದ್ದುದರಿಂದ, ಕೆಲವೇ ತಿಂಗಳು ಹಿಂದೆ ಬಿದ್ದರೂ ಅವು ಇನ್ನೂ ಜಾರಿಗೆ ಬಾರದವಾಗಿ ಕಾಣುತ್ತವೆ. ಇಂಟರ್‌ನೆಟ್ ಬಂದೊಡನೆ ವಿಂಡೋಸ್ ತಾನೇ ಸಮಯ ತಿದ್ದಿಕೊಳ್ಳುತ್ತದೆಂಬ ನಂಬಿಕೆ ಪೂರ್ಣ ಸರಿಯಲ್ಲ: ಡೊಮೇನಿಗೆ ಸೇರದ ಯಂತ್ರದಲ್ಲಿ ತಾನಾಗಿ ತಿದ್ದುವ ಮಿತಿ ಸಾಮಾನ್ಯವಾಗಿ 54,000 ಸೆಕೆಂಡು, ಅಂದರೆ 15 ಗಂಟೆ.

ಸರ್ಟಿಫಿಕೇಟ್ ಮತ್ತು ಗಡಿಯಾರ ಎಂಬ ಎರಡು ಕಾರಣಗಳನ್ನು ಬೇರ್ಪಡಿಸಲು, ಬಾಯಿಂಕ್ ಮ್ಯಾನೇಜರಿನಲ್ಲಿ ಕಂಟ್ರೋಲ್, ಶಿಫ್ಟ್, ಎಫ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಎಚ್‌ಟಿಟಿಪಿ ಡೀಬಗ್ ಗುರುತನ್ನು ಹಾಕಬೇಕು. ಲಾಗ್ ಅವಧಿ ಮುಗಿದಿದೆ ಎಂದರೆ ಪಟ್ಟಿ ಹಳೆಯದಿರಬಹುದು. ಇನ್ನೂ ಜಾರಿಗೆ ಬಂದಿಲ್ಲ ಎಂದರೆ ಗಡಿಯಾರ ಹಿಂದಿದೆ ಎನ್ನಬಹುದು. ಆದರೆ ಗಡಿಯಾರ ಮುಂದೋಡಿದ್ದರೂ ಮೊದಲನೆಯ ಉತ್ತರವೇ ಬರುವುದರಿಂದ, ಕೈಗಡಿಯಾರದೊಡನೆ ತಾಳೆ ನೋಡದೆ ತೀರ್ಮಾನಿಸಲಾಗದು.

4. ಮುಂದೂಡಿದ ಕರೆ

ಪ್ರತಿ ವೈಫಲ್ಯದ ನಂತರ ಬಾಯಿಂಕ್ ಮರುಯತ್ನದ ಅಂತರವನ್ನು ಹಿಗ್ಗಿಸುತ್ತದೆ: ಸುಮಾರು ಒಂದು ನಿಮಿಷದಿಂದ ಶುರುವಾಗಿ ಸುಮಾರು 4 ಗಂಟೆವರೆಗೆ. ಹೀಗಾಗಿ ದೋಷ ಸರಿಹೋದ ಮೇಲೂ ಮೌನ ಮುಂದುವರಿಯಬಹುದು. ಅಪ್‌ಡೇಟ್ ಗುಂಡಿ ಒತ್ತಿದರೆ ಕಾಯಬೇಕಿಲ್ಲ. ಗಡಿಯಾರ ಹಿಂದಕ್ಕೆ ಸರಿದದ್ದನ್ನು ತಂತ್ರಾಂಶ ತಾನೇ ಗುರುತಿಸಿ, ಲಾಗಿನಲ್ಲಿ ಬರೆದು, ಈ ಕಾಯುವಿಕೆಯನ್ನು ಅಳಿಸುತ್ತದೆ. ಅಂಥ ಸಾಲು ಲಾಗಿನಲ್ಲಿ ಸಿಕ್ಕರೆ ಬಿಲ್ಲೆಯ ಮೇಲಿನ ಸಂಶಯಕ್ಕೆ ಗಟ್ಟಿ ಆಧಾರ ಸಿಕ್ಕಂತೆ.

5. ಹೊರಗಿಡಬೇಕಾದ ಪ್ರಕರಣ

ಸೆಟಿ@ಹೋಮ್ ಯೋಜನೆ 1999ರ ಮೇ 17ರಂದು ಆರಂಭವಾಗಿ, 2020ರ ಮಾರ್ಚ್ 31ರಂದು ಹೊಸ ಕೆಲಸ ಹಂಚುವುದನ್ನು ನಿಲ್ಲಿಸಿತು. ಆ ಒಂದೇ ಯೋಜನೆಗೆ ಸೇರಿಸಿದ ಹಳೆಯ ಯಂತ್ರಕ್ಕೆ ಕೆಲಸ ಬಾರದಿರುವುದು ಸಂಪರ್ಕದ ದೋಷವಲ್ಲ.