ಹಂಚಿಕೆಯ ತಂತ್ರಾಂಶ ಘಟಕ ಮತ್ತು ಕನ್ನಡ ಅಕ್ಷರಜೋಡಣೆ: ಕಲಬುರಗಿ ಸೀಮೆಯ ಊರಹೆಸರುಗಳ ಆಧಾರದಲ್ಲಿ ಒಂದು ಪರಿಶೀಲನೆ

ಸಾರಾಂಶ: ಒಮ್ಮೆ ಬರೆದ ಕೋಡನ್ನು ಹಲವು ತಂತ್ರಾಂಶಗಳು ಹಂಚಿಕೊಂಡರೆ ಶ್ರಮ ಉಳಿಯುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಕನ್ನಡದ ಮಟ್ಟಿಗೆ ಈ ಹಂಚಿಕೆ ಕೈಗೂಡಿದ್ದು ಪಠ್ಯದ ಸಂಕೇತ ಒಂದಾಗಿ, ಘಟಕದ ಹೊಣೆ ಖಚಿತವಾದ ಮೇಲೆ ಎಂಬುದು ಈ ಲೇಖನದ ವಾದ.

1. ಹಿನ್ನೆಲೆ

1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ನ್ಯಾಟೊ ಸಮ್ಮೇಳನದಲ್ಲಿ ಡಗ್ಲಸ್ ಮೆಕ್‌ಇಲ್ರಾಯ್, ತಂತ್ರಾಂಶವನ್ನೂ ಸಿದ್ಧ ಬಿಡಿಭಾಗಗಳಿಂದ ಕಟ್ಟುವಂತಾಗಬೇಕು ಎಂದು ಪ್ರತಿಪಾದಿಸಿದರು. ಬಿಡಿಭಾಗ ಎಲ್ಲೆಡೆ ಹೊಂದಬೇಕಾದರೆ ಅದಕ್ಕೆ ಒದಗುವ ಸಾಮಗ್ರಿಯೂ ಏಕರೂಪವಾಗಿರಬೇಕು. ಕನ್ನಡದಲ್ಲಿ ತೊಡಕಿದ್ದುದು ಇಲ್ಲಿಯೇ.

2. ‘ಜೇವರ್ಗಿ’ಯ ಎರಡು ರೂಪ

ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಕಲಬುರಗಿ ಸೀಮೆಯ ಊರಹೆಸರು ‘ಜೇವರ್ಗಿ’ ಏಳು ಸಂಕೇತಗಳಾಗಿ ಉಳಿಯುತ್ತದೆ, ಯೂನಿಕೋಡಿನಲ್ಲೂ ಏಳೇ. ಆದರೆ ಹಳೆಯ ಫಾಂಟಿನಲ್ಲಿ ‘ಗಿ’ ಒಂದೇ ಅಚ್ಚು, ಅದರ ನಂತರ ಅರ್ಕಾವತ್ತು; ‘ರ’ಕಾರಕ್ಕೆ ಅಲ್ಲಿ ಸ್ಥಾನವೇ ಇಲ್ಲ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಲ್ಲೇ ರ, ಹಲಂತ, ಗ, ಇಕಾರ ಸಾಲಾಗಿ ನಿಲ್ಲುತ್ತವೆ. ಮೊದಲನೆಯದು ಆಕಾರಗಳ ದಾಖಲೆ, ಎರಡನೆಯದು ವರ್ಣಗಳ ದಾಖಲೆ. ಆಕಾರಗಳ ದಾಖಲೆಯನ್ನು ಅಕಾರಾದಿಯಾಗಿ ಜೋಡಿಸಲು, ಹುಡುಕಲು ಆ ಫಾಂಟಿಗೆಂದೇ ಬೇರೆ ಕೋಡ್ ಬೇಕು. ಫಾಂಟ್ ಇಲ್ಲದ ಗಣಕದಲ್ಲಿ ಅದು ಓದಲಾಗದ ಚಿಹ್ನೆಗಳ ಸಾಲು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತಾದರೂ, ವರ್ಣಗಳನ್ನು ಒತ್ತಕ್ಷರಗಳಾಗಿ ಮೂಡಿಸುವ ಹೊರೆ ತಂತ್ರಾಂಶದ ಮೇಲೆ ಬಿತ್ತು.

3. ಹಾರ್ಫ್‌ಬಜ್: ಒಂದು ಘಟಕ, ಹಲವು ಬಳಕೆ

ಈ ಹೊರೆಯನ್ನು ಮೊದಲು ಒಬ್ಬೊಬ್ಬರು ಒಂದೊಂದು ರೀತಿ ಹೊತ್ತರು. ವಿಂಡೋಸಿನಲ್ಲಿ ಯೂನಿಸ್ಕ್ರೈಬ್, ಗ್ನೋಮ್‌ನಲ್ಲಿ ಪ್ಯಾಂಗೊ, ಕೆಡಿಇಯಲ್ಲಿ ಕ್ಯೂಟಿ, ಓಪನ್ ಆಫೀಸಿನಲ್ಲಿ ಐಸಿಯು. ಒಂದರಲ್ಲಿ ಸರಿಪಡಿಸಿದ ತಪ್ಪು ಇನ್ನೊಂದರಲ್ಲಿ ಹಾಗೆಯೇ ಉಳಿಯಬಹುದಿತ್ತು. ಪ್ಯಾಂಗೊ, ಕ್ಯೂಟಿ ಎರಡರ ಅಕ್ಷರಜೋಡಣೆಯ ಭಾಗಗಳೂ ಫ್ರೀಟೈಪ್ ಎಂಬ ಫಾಂಟ್ ತಂತ್ರಾಂಶದ ಹಳೆಯ ಕೋಡಿನಿಂದ ಕವಲೊಡೆದವು. 2006ರ ಸುಮಾರಿಗೆ ಆ ಕವಲುಗಳನ್ನು ಕೂಡಿಸಿದ್ದೇ ಹಾರ್ಫ್‌ಬಜ್. ಮುಂದೆ ಬೆಹದಾದ್ ಇಸ್ಫಹಬೋದ್ ಅದನ್ನು ಹೊಸದಾಗಿ ಬರೆದರು. ಭಾರತೀಯ ಲಿಪಿಗಳ ವಿಕಿಪೀಡಿಯಾ ಪದಗಳನ್ನು ಊಡಿಸಿ, ಫಲಿತಾಂಶವನ್ನು ಯೂನಿಸ್ಕ್ರೈಬಿನೊಂದಿಗೆ ತಾಳೆ ನೋಡಿದರು. ಇಂದು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಹಾರ್ಫ್‌ಬಜ್ ಅನ್ನೇ ನೆಚ್ಚಿವೆ, 2017ರ 5.3ನೇ ಆವೃತ್ತಿಯಿಂದ ಲಿಬ್ರೆ ಆಫೀಸ್ ಎಲ್ಲ ಕಾರ್ಯಾಚರಣ ವ್ಯವಸ್ಥೆಗಳಲ್ಲೂ ಅದನ್ನೇ ಬಳಸುತ್ತದೆ.

ಇಷ್ಟು ಕಡೆ ಅದು ಹೊಂದಿಕೊಳ್ಳಲು ಅದರ ಕೆಲಸದ ಮಿತಿಯೇ ಕಾರಣ. ಫಾಂಟ್ ಮತ್ತು ವರ್ಣಗಳ ಸಾಲನ್ನು ಕೊಟ್ಟರೆ ಯಾವ ಆಕಾರ ಎಲ್ಲಿ ಕೂಡಬೇಕೆಂದು ತಿಳಿಸುತ್ತದೆ, ಅಷ್ಟೇ. ಅಕ್ಷರ ಬಿಡಿಸುವುದು, ಸಾಲು ಮುರಿಯುವುದು ಅದರ ಕೆಲಸವಲ್ಲ. ಕನ್ನಡ, ಮರಾಠಿ, ಉರ್ದು ಮೂರೂ ಬಳಕೆಯಲ್ಲಿರುವ ಆಳಂದದಂಥ ಗಡಿ ತಾಲೂಕಿನ ಫೋನಿನಲ್ಲಿ ಮೂರು ಲಿಪಿಗಳಿಗೂ ಇದೊಂದೇ ಘಟಕ ಸಾಕು.

4. ಹಂಚಿಕೆಯ ಅಪಾಯ

ಘಟಕ ಒಂದೇ ಆದಾಗ ತಪ್ಪೂ ಹಂಚಿಕೆಯಾಗುತ್ತದೆ. 2018ರ ಫೆಬ್ರವರಿಯಲ್ಲಿ ತೆಲುಗಿನ ಒಂದು ಸಂಯುಕ್ತಾಕ್ಷರ ಬಂದೊಡನೆ ಐಫೋನಿನ ಹಲವು ಆ್ಯಪ್‌ಗಳು ಕುಸಿದವು. ದೋಷ ಅವೆಲ್ಲ ನೆಚ್ಚಿದ್ದ ಆ್ಯಪಲ್‌ನ ಅಕ್ಷರಜೋಡಣೆಯ ವ್ಯವಸ್ಥೆಯಲ್ಲಿತ್ತು. ಐಒಎಸ್ 11.2.6 ಬಂದಾಗ ಎಲ್ಲ ಆ್ಯಪ್‌ಗಳೂ ಒಟ್ಟಿಗೇ ಸರಿಹೋದವು. ಅಪಾಯಕ್ಕೂ ಪರಿಹಾರಕ್ಕೂ ದಾರಿ ಒಂದೇ.

5. ಉಪಸಂಹಾರ

ಆದ್ದರಿಂದ ಪರೀಕ್ಷಾ ಪದಗಳ ಆಯ್ಕೆ ಮುಖ್ಯವಾಗುತ್ತದೆ. ಆಳಂದ ತಾಲೂಕಿನ ‘ಸರಸಂಬಾ’ದಲ್ಲಿ ಒತ್ತಕ್ಷರವಿಲ್ಲ, ಅದು ಸರಿಯಾಗಿ ಮೂಡಿತೆಂದರೆ ಹೆಚ್ಚೇನೂ ತಿಳಿಯದು. ‘ಜೇವರ್ಗಿ’ ಅರ್ಕಾವತ್ತನ್ನೂ ದೀರ್ಘದ ಚಿಹ್ನೆಯನ್ನೂ ಒರೆಗೆ ಹಚ್ಚುತ್ತದೆ. ‘ಅಫ್ಜಲ್‌ಪುರ’ ಎಂದು ಬರೆದರೆ ‘ಲ’ಕ್ಕೆ ‘ಪ’ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತ ಬೇಕು. ‘ಅಫಜಲಪುರ’ಕ್ಕೆ ಅದು ಬೇಡ. ಎರಡೂ ಒಂದೇ ಊರೆಂದು ಹುಡುಕಾಟಕ್ಕೆ ತಿಳಿಸುವುದು ಅಕ್ಷರಜೋಡಣೆಯ ಘಟಕದ ಹೊಣೆಯಲ್ಲ, ಆಯಾ ತಂತ್ರಾಂಶದ್ದು. ಕಲಬುರಗಿ ಸೀಮೆಗೆ ತಂತ್ರಾಂಶ ಕಟ್ಟುವವರು ಅಕ್ಷರಜೋಡಣೆಯನ್ನು ಹಂಚಿಕೆಯ ಘಟಕಕ್ಕೆ ಒಪ್ಪಿಸಿ, ಊರಹೆಸರುಗಳ ಪಾಠಾಂತರ ಪಟ್ಟಿಗೆ ತಮ್ಮ ದುಡಿಮೆಯನ್ನು ಮೀಸಲಿಡುವುದು ಒಳಿತು. ಆ ಪಟ್ಟಿ ಮುಕ್ತವಾಗಿ ದೊರೆತರೆ ಅದೂ ಒಂದು ಹಂಚಿಕೆಯ ಘಟಕವೇ ಆಗುತ್ತದೆ.