24 ಸಂದೇಶಗಳು, 34 ಹೇಳಿಕೆಗಳು: ಗ್ಯಾರಿಸನ್ ಚೌಕಟ್ಟಿನ ಪ್ರಭಾವ ಕುರಿತು ಒಂದು ಟಿಪ್ಪಣಿ

ಡಿ. ರ‍್ಯಾಂಡಿ ಗ್ಯಾರಿಸನ್, ಟೆರ‍್ರಿ ಆಂಡರ್ಸನ್, ವಾಲ್ಟರ್ ಆರ್ಚರ್ ಎಂಬ ಮೂವರು ಸೇರಿ ಬರೆದ ಲೇಖನವೊಂದು 2000ರಲ್ಲಿ ‘ದಿ ಇಂಟರ್ನೆಟ್ ಅಂಡ್ ಹೈಯರ್ ಎಜುಕೇಶನ್’ ಪತ್ರಿಕೆಯಲ್ಲಿ ಬಂತು. ಮೂವರೂ ಆಗ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿದ್ದರು. ಆನ್‌ಲೈನ್ ಶಿಕ್ಷಣದ ಮೇಲೆ ಪಿಎಚ್‌ಡಿ ಮಾಡುವವರು ಇವತ್ತಿಗೂ ಸಾಹಿತ್ಯ ಸಮೀಕ್ಷೆಯ ಅಧ್ಯಾಯದಲ್ಲಿ ಈ ಲೇಖನವನ್ನು ಹೆಸರಿಸದೆ ಮುಂದೆ ಹೋಗುವುದು ಅಪರೂಪ. ಉಲ್ಲೇಖಗಳನ್ನು ಎಣಿಸಿದರೆ ಗ್ಯಾರಿಸನ್ನರ ಪ್ರಭಾವ ನಿರ್ವಿವಾದ. ಆದರೆ ಪ್ರಭಾವ ಬೀರಿದ್ದು ಅವರ ಯಾವ ಕೆಲಸ ಎಂದು ಕೇಳಿಕೊಂಡರೆ ಚಿತ್ರ ಅಷ್ಟು ಸರಳವಾಗಿ ಕಾಣುವುದಿಲ್ಲ.

ಲೇಖನದ ವಿಷಯ ಕಂಪ್ಯೂಟರ್ ಕಾನ್ಫರೆನ್ಸಿಂಗ್. ವಿಡಿಯೊ ಇಲ್ಲ, ಧ್ವನಿ ಇಲ್ಲ. ವಿದ್ಯಾರ್ಥಿಗಳು ತಮಗೆ ಬಿಡುವಾದಾಗ ಬರೆದು ಹಾಕುವ ಸಂದೇಶಗಳು, ಅವಕ್ಕೆ ಉಳಿದವರ ಉತ್ತರಗಳು, ಇಷ್ಟೇ. ಮುಖ ಕಾಣದ ಇಂಥ ತರಗತಿಯಲ್ಲಿ ವಿಮರ್ಶಾತ್ಮಕ ಚಿಂತನೆ ನಡೆಯುತ್ತದೆಯೇ, ನಡೆದರೆ ಅದನ್ನು ಗುರುತಿಸುವುದು ಹೇಗೆ ಎಂಬುದು ಅವರ ಪ್ರಶ್ನೆ. ‘ಕಮ್ಯುನಿಟಿ ಆಫ್ ಎನ್‌ಕ್ವಯರಿ’ ಎಂದು ಹೆಸರಾದ ಚೌಕಟ್ಟು ಮೂರು ಉಪಸ್ಥಿತಿಗಳನ್ನು ಮುಂದಿಟ್ಟಿತು: ಸಾಮಾಜಿಕ, ಬೋಧನಾ ಮತ್ತು ಜ್ಞಾನಾತ್ಮಕ. ಇವುಗಳಲ್ಲಿ ಗಟ್ಟಿಯಾದ ತಾತ್ವಿಕ ಬೇರು ಇರುವುದು ಮೂರನೆಯದಕ್ಕೆ, ಜಾನ್ ಡ್ಯೂಯಿಯ ಚಿಂತನೆಯಲ್ಲಿ. ಸಮಸ್ಯೆಯೊಂದು ಕೆಣಕುತ್ತದೆ, ಅದರ ಸುತ್ತ ಹುಡುಕಾಟ ನಡೆಯುತ್ತದೆ, ಸಿಕ್ಕ ಎಳೆಗಳು ಕೂಡಿಕೊಳ್ಳುತ್ತವೆ, ಕೊನೆಗೆ ಪರಿಹಾರ. ಈ ನಾಲ್ಕು ಹಂತಗಳಲ್ಲಿ ಪ್ರತಿ ಸಂದೇಶ ಎಲ್ಲಿ ನಿಲ್ಲುತ್ತದೆ ಎಂದು ಇಬ್ಬರು ಬೇರೆಬೇರೆಯಾಗಿ ಓದಿ ನಿರ್ಧರಿಸಬೇಕು. ಅವರು ಎಷ್ಟರ ಮಟ್ಟಿಗೆ ಒಪ್ಪುತ್ತಾರೆ ಎಂಬುದನ್ನೂ ಲೆಕ್ಕ ಹಾಕಬೇಕು.

ಇದನ್ನು ಪ್ರಯೋಗಿಸಿ ತೋರಿಸಿದ್ದು 2001ರ ಇನ್ನೊಂದು ಲೇಖನ. ಅದನ್ನು ಉಲ್ಲೇಖಿಸುವವರು ಹಲವರು, ಅದರ ಕೋಷ್ಟಕದ ಮುಂದೆ ನಿಲ್ಲುವವರು ಕಡಿಮೆ. ಮೂರು ಚರ್ಚೆಗಳನ್ನು ಒಂದಾದ ಮೇಲೊಂದರಂತೆ ವರ್ಗೀಕರಿಸುತ್ತ ಹೋದ ಹಾಗೆ ಓದುಗರಿಬ್ಬರ ಸಹಮತವನ್ನು ಹೇಳುವ ಕಪ್ಪಾ ಮೌಲ್ಯ 0.35ರಿಂದ 0.49ಕ್ಕೆ, ಅಲ್ಲಿಂದ 0.74ಕ್ಕೆ ಏರಿತು. ಕೊನೆಯ ಚರ್ಚೆಯಲ್ಲಿದ್ದದ್ದು 24 ಸಂದೇಶ. ಕೆಣಕುವ ಹಂತದವು ಎರಡು, ಹುಡುಕಾಟದವು ಹತ್ತು, ಕೂಡಿಸುವವು ಮೂರು. ಎಂಟು ಯಾವ ಹಂತಕ್ಕೂ ಸೇರಲಿಲ್ಲ. ಪರಿಹಾರದ ಹಂತ ಮುಟ್ಟಿದ್ದು ಒಂದೇ ಒಂದು. ಲೇಖಕರು ಇದನ್ನು ಶೇಕಡ 4 ಎಂದು ಬರೆದಿದ್ದಾರೆ. ಇಷ್ಟು ಚಿಕ್ಕ ಮಾದರಿಯಲ್ಲಿ ಶೇಕಡಾವಾರು ಹೇಳುವುದು ನನಗೆ ಅಷ್ಟು ಒಪ್ಪಿಗೆಯಲ್ಲ. ಆದರೂ ಚರ್ಚೆಗಳು ಹುಡುಕಾಟದಲ್ಲೇ ತಂಗಿಬಿಡುತ್ತವೆ ಎಂಬ ಗುಮಾನಿಯನ್ನು ಮುಂದಿನವರ ಪಾಲಿಗೆ ಉಳಿಸಿದ್ದು ಈ ಪುಟ್ಟ ಕೋಷ್ಟಕವೇ.

ಸಂದೇಶಗಳನ್ನು ಹೀಗೆ ಓದುವುದು ತಾಳ್ಮೆ ಬೇಡುವ ಕೆಲಸ. ಹತ್ತಾರು ಕೋರ್ಸು, ನೂರಾರು ವಿದ್ಯಾರ್ಥಿಗಳು ಎಂದಾದರೆ ಸಾಧಾರಣ ಸಂಶೋಧಕನ ಕೈಗೆ ನಿಲುಕುವುದಿಲ್ಲ. ಅಡ್ಡಿ ಸರಿದದ್ದು 2008ರಲ್ಲಿ. ಅಮೆರಿಕ ಮತ್ತು ಕೆನಡಾದ ನಾಲ್ಕು ಸಂಸ್ಥೆಗಳ 287 ವಿದ್ಯಾರ್ಥಿಗಳ ಉತ್ತರಗಳನ್ನು ಆಧರಿಸಿ ಆರ್ಬಾ ಮತ್ತು ಸಂಗಡಿಗರು ಒಂದು ಪ್ರಶ್ನಾವಳಿಯನ್ನು ಪರೀಕ್ಷಿಸಿ ಪ್ರಕಟಿಸಿದರು. ಒಟ್ಟು 34 ಹೇಳಿಕೆಗಳು: ಬೋಧನೆಗೆ 13, ಸಾಮಾಜಿಕಕ್ಕೆ 9, ಜ್ಞಾನಾತ್ಮಕಕ್ಕೆ 12. ವಿದ್ಯಾರ್ಥಿ ಪ್ರತಿಯೊಂದಕ್ಕೂ ಒಪ್ಪಿಗೆಯ ಐದು ಮಟ್ಟಗಳಲ್ಲಿ ಒಂದನ್ನು ಗುರುತಿಸಿದರೆ ಮುಗಿಯಿತು.

ನನ್ನ ಓದಿನಂತೆ ಗ್ಯಾರಿಸನ್ನರ ಪ್ರಭಾವ ಕವಲೊಡೆದದ್ದು ಇಲ್ಲಿ. ಮೂಲ ವಿಧಾನದಲ್ಲಿ ‘ಪರಿಹಾರ’ ಎಂದರೆ ಬರಹದಲ್ಲಿ ಕಾಣಬೇಕಾದ ಸಾಕ್ಷ್ಯ. ಪ್ರಶ್ನಾವಳಿಯಲ್ಲಿ ಅದು, ಕೋರ್ಸಿನಲ್ಲಿ ರೂಪುಗೊಂಡ ತಿಳಿವನ್ನು ಕೆಲಸದಲ್ಲಿ ಬಳಸಬಲ್ಲೆ ಎಂಬಂಥ ಹೇಳಿಕೆಗೆ ವಿದ್ಯಾರ್ಥಿ ಕೊಡುವ ಸಮ್ಮತಿ. ಹೆಸರು ಒಂದೇ, ವಸ್ತು ಬೇರೆ. ಮೊದಲನೆಯದರಲ್ಲಿ ಯೋಚನೆಯ ಕುರುಹು ಇದೆ, ಎರಡನೆಯದರಲ್ಲಿ ಯೋಚಿಸಿದೆನೆಂಬ ಅನಿಸಿಕೆ ಇದೆ. ಅನಿಸಿಕೆಗೂ ಅದರದೇ ಬೆಲೆಯುಂಟು. ಆದರೆ ಉಲ್ಲೇಖಗಳ ಲೆಕ್ಕದಲ್ಲಿ ಎರಡೂ ಒಂದೇ ಖಾತೆಗೆ ಜಮೆಯಾಗುತ್ತವೆ.

ಈ ಸಂಶೋಧನಾ ಸಾಹಿತ್ಯ ವಿದ್ಯಾರ್ಥಿಗಳ ಕಲಿಕೆಯನ್ನು ಅಳೆದಿದೆಯೇ ಎಂದು 2009ರಲ್ಲಿ ನೇರವಾಗಿ ಕೇಳಿದವರು ಲಿಯಮ್ ರೂರ್ಕ್ ಮತ್ತು ಹೆದರ್ ಕನುಕಾ. ರೂರ್ಕ್ ಹೊರಗಿನವರಲ್ಲ, ಸಾಮಾಜಿಕ ಉಪಸ್ಥಿತಿಯನ್ನು ಅಳೆಯುವ 1999ರ ಲೇಖನದ ಮೊದಲ ಲೇಖಕ ಅವರೇ. 2000ದಿಂದ 2008ರವರೆಗೆ ಈ ಚೌಕಟ್ಟನ್ನು ಪ್ರಸ್ತಾಪಿಸಿದ 252 ವರದಿಗಳನ್ನು ಅವರು ಕಲೆಹಾಕಿದರು. ಅವುಗಳಲ್ಲಿ ದತ್ತಾಂಶ ಸಂಗ್ರಹಿಸಿ ವಿಶ್ಲೇಷಿಸಿದ್ದವು 48. ಕಲಿಕೆಯ ಅಳತೆ ಇದ್ದದ್ದು ಐದರಲ್ಲಿ. ಆ ಐದರಲ್ಲೂ ಅಳತೆ ಎಂದರೆ, ಎಷ್ಟು ಕಲಿತೆ ಎಂದು ವಿದ್ಯಾರ್ಥಿಯನ್ನೇ ಕೇಳುವ ಒಂದು ಪ್ರಶ್ನೆ.

ಗ್ಯಾರಿಸನ್ ಸೇರಿದಂತೆ ಏಳು ಮಂದಿ, ರೂರ್ಕ್ ಮತ್ತು ಕನುಕಾ ಅವರ ಲೇಖನ ಬಂದ ಪತ್ರಿಕೆಯಲ್ಲೇ ಉತ್ತರ ಕೊಟ್ಟರು: ತಮ್ಮದು ಕಲಿಕೆ ಸಾಗುವ ಪ್ರಕ್ರಿಯೆಯ ಮಾದರಿ, ಫಲಿತಾಂಶದ ಮಾದರಿಯಲ್ಲ. ತರ್ಕದ ಮಟ್ಟದಲ್ಲಿ ಇದು ಸರಿ, 2000ದ ಲೇಖನಕ್ಕೆ ನಿಷ್ಠವೂ ಹೌದು. ಆದರೆ ಪ್ರಕ್ರಿಯೆಯೇ ಮುಖ್ಯವಾದರೆ ಅದನ್ನು ಹತ್ತಿರದಿಂದ ನೋಡುವ ಸಾಧನ ಸಂದೇಶಗಳ ಓದು. ಕೋರ್ಸು ಮುಗಿದ ಮೇಲೆ ತುಂಬುವ ಪ್ರಶ್ನಾವಳಿಯಲ್ಲ. ಹಾಗಾಗಿ ಅವರ ಉತ್ತರ ಚೌಕಟ್ಟನ್ನು ರಕ್ಷಿಸುತ್ತದೆ, ಚೌಕಟ್ಟಿನ ಹೆಸರಿನಲ್ಲಿ ನಡೆದ ಎಲ್ಲ ಸಂಶೋಧನೆಯನ್ನಲ್ಲ. ವಿದ್ವಾಂಸರೊಬ್ಬರ ಪ್ರಭಾವವನ್ನು ತೂಗುವಾಗ ಇವೆರಡನ್ನೂ ಬೇರೆಯಾಗಿಯೇ ಇಡಬೇಕೆಂಬುದು ನನ್ನ ನಿಲುವು.

ಸಂದೇಶಗಳ ಓದು ನಿಂತುಹೋಗಲಿಲ್ಲ ಎಂಬುದನ್ನೂ ದಾಖಲಿಸಬೇಕು. 2016ರಲ್ಲಿ ಕೊವಾನೊವಿಚ್ ಮತ್ತು ಸಂಗಡಿಗರು 1,747 ಸಂದೇಶಗಳನ್ನು ಇಬ್ಬರಿಂದ ವರ್ಗೀಕರಣ ಮಾಡಿಸಿ, ಅವುಗಳ ಮೇಲೆ ಯಂತ್ರಕಲಿಕೆಯ ಮಾದರಿಯೊಂದನ್ನು ತರಬೇತುಗೊಳಿಸಿದರು. ಪರಿಹಾರದ ಹಂತದವು 107, ಅಂದರೆ ಶೇಕಡ 6ರಷ್ಟು, ಹುಡುಕಾಟದವು 684. ಯಂತ್ರ ಸುಮಾರು ಶೇಕಡ 70ರಷ್ಟು ಸಂದೇಶಗಳನ್ನು ಸರಿಯಾಗಿ ವಿಂಗಡಿಸಿತು. ಭಾಷೆಗೆ ಸಂಬಂಧಿಸಿದ ನೂರಾರು ಲಕ್ಷಣಗಳನ್ನು ಅದಕ್ಕೆ ಒದಗಿಸಿದ್ದರೂ ಹೆಚ್ಚು ನೆರವಾದದ್ದು ಸಂದೇಶದಲ್ಲಿರುವ ಪದಗಳ ಸಂಖ್ಯೆ: ಮೇಲಿನ ಹಂತದ ಸಂದೇಶಗಳು ಸಾಮಾನ್ಯವಾಗಿ ಉದ್ದವಾಗಿದ್ದವು. ಉದ್ದ ಬರೆದದ್ದೆಲ್ಲ ಆಳದ ಯೋಚನೆಯಲ್ಲ ಎಂಬುದನ್ನು ಉತ್ತರಪತ್ರಿಕೆ ತಿದ್ದಿದ ಯಾರಿಗೂ ಹೇಳಬೇಕಿಲ್ಲ. ಈ ಮಾದರಿ ಬೇರೆ ವಿಷಯದ, ಬೇರೆ ಭಾಷೆಯ ಚರ್ಚೆಗಳಲ್ಲಿ ಎಷ್ಟು ನಿಲ್ಲುತ್ತದೆ ಎಂಬುದನ್ನು ಆಯಾ ಕಡೆ ಮತ್ತೆ ಇಬ್ಬರು ಕೂತು ಸಂದೇಶಗಳನ್ನು ಓದಿಯೇ ಪರೀಕ್ಷಿಸಬೇಕಾಗುತ್ತದೆ.