ವೈಟ್‌ಫೀಲ್ಡಿನ ವರ್ತುಲಗ್ರಾಮ

ಬೆಂಗಳೂರಿಗೆ ಪೂರ್ವದಿಕ್ಕಿನಲ್ಲಿರುವ ವೈಟ್‌ಫೀಲ್ಡ್ ಎಂಬ ಪ್ರದೇಶದ ಹೆಸರು ಈಗ ಲೋಕವಿಖ್ಯಾತವಾಗಿರುವುದು. ಅಲ್ಲಿಯ ಗಗನಚುಂಬಿ ಸೌಧಗಳನ್ನೂ ಗಣಕೋದ್ಯಮಗಳನ್ನೂ ಕಂಡು ಬರುವ ಸದ್ಭಕ್ತರಲ್ಲಿ ಅನೇಕರು, ಆ ಹೆಸರಿಗೆ ಮೂಲವಾದ ಪುಟ್ಟ ಊರನ್ನು ಮಾತ್ರ ಕಂಡಿರಲಾರರು. ನಮ್ಮ ಗ್ರಾಮಗಳಲ್ಲಿ ಬೀದಿಯು ದೇವಾಲಯದಿಂದಲೋ ಮಠದ ಮಹಾದ್ವಾರದಿಂದಲೋ ನೇರವಾಗಿ ಹೊರಡುವುದು ವಾಡಿಕೆ. ಈ ಊರಾದರೋ ಚಕ್ರಾಕಾರವಾಗಿ ರಚಿತವಾದುದು. ನಡುವೆ ದುಂಡಾದ ಹಸುರು ಬಯಲು. ಅದನ್ನು ಬಳಸಿದ ಒಂದು ರಸ್ತೆ. ಅದಕ್ಕೆ ಮುಖಮಾಡಿದ ಮನೆಗಳು, ಅವುಗಳ ಹಿಂದೆ ತೋಟಗಳು. ಇವೆಲ್ಲವನ್ನೂ ಸುತ್ತುವರಿದ ಮತ್ತೊಂದು ರಸ್ತೆ. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ.

1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ವಂಶಕ್ಕೆ ಮರಳಿ ಬಂದಿತಷ್ಟೆ. ಮರುವರ್ಷವೇ ಶ್ರೀ ಚಾಮರಾಜೇಂದ್ರ ಒಡೆಯರವರು 3900 ಎಕರೆ ಭೂಮಿಯನ್ನು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ದಯಪಾಲಿಸಿದರು. ಆ ಸಂಘದ ಮುಖಂಡನಾದ ಡೇವಿಡ್ ಇಮ್ಯಾನ್ಯುಯಲ್ ಸ್ಟಾರ್ಕೆನ್‌ಬರ್ಗ್ ವೈಟ್ ಎಂಬಾತನ ಹೆಸರೇ ಊರಿಗೆ ಇಡಲ್ಪಟ್ಟಿತು. ಯೂರೋಪಿನ ಮತ್ತು ಈ ದೇಶದ ರಕ್ತಗಳೆರಡನ್ನೂ ಪಡೆದು ಹುಟ್ಟಿದ ಆ ಜನರನ್ನು ಆಳುವವರು ಸರಿಸಮರೆಂದು ಎಣಿಸಲಿಲ್ಲ, ಆಳಿಸಿಕೊಳ್ಳುವವರು ತಮ್ಮವರೆಂದು ಕರೆಯಲಿಲ್ಲ. ರೈಲ್ವೆ, ತಂತಿ ಮೊದಲಾದ ಇಲಾಖೆಗಳ ಚಾಕರಿಯೇ ಅವರಲ್ಲಿ ಬಹುಜನರಿಗೆ ಗತಿಯಾಗಿದ್ದಿತು. ಆ ಪರಾಧೀನತೆಯನ್ನು ಬಿಟ್ಟು ನೆಲವನ್ನುತ್ತು ಸ್ವಾವಲಂಬಿಗಳಾಗಬೇಕೆಂಬುದೇ ವೈಟನ ಹಂಬಲ. ಎಲ್ಲ ಮನೆಗಳೂ ಒಂದೇ ಬಯಲನ್ನು ನೋಡುವ ಆ ವಿನ್ಯಾಸದಲ್ಲಿ, ನೆಲೆಯಿಲ್ಲದವರ ಆಸೆಯೇ ರೂಪು ತಾಳಿದಂತೆ ಈ ಲೇಖಕನಿಗೆ ತೋರುವುದು.

ಆಸೆಯು ಪೂರ್ಣವಾಗಿ ಫಲಿಸಲಿಲ್ಲ. ಕಚೇರಿಯ ಲೇಖನಿ ಹಿಡಿದ ಕೈಗೆ ನೇಗಿಲು ಒಗ್ಗುವುದು ಸುಲಭವಲ್ಲ. ರೈಲು ನಿಲ್ದಾಣವೂ ಊರಿಗೆ ಸುಮಾರು 2 ಮೈಲಿ ದೂರದಲ್ಲಿದ್ದಿತು. ಕಾಲಕ್ರಮದಲ್ಲಿ ಅದು ಕೃಷಿಕರ ಊರೆನ್ನುವುದಕ್ಕಿಂತ ನಿವೃತ್ತರ ವಿಶ್ರಾಂತಿಧಾಮವೇ ಆಯಿತು. (ಅಲ್ಲಿಯ ವೇವರ್ಲಿ ಇನ್ ಎಂಬ ಪಥಿಕಗೃಹಕ್ಕೆ ವಿನ್‌ಸ್ಟನ್ ಚರ್ಚಿಲ್ಲನು ಬರುತ್ತಿದ್ದನೆಂಬ ಕಥೆಯನ್ನು ಸಂದರ್ಶಕರು ಮೊದಲು ಕೇಳುವರು. ಊರಿನ ಚರಿತ್ರೆಗೆ ಅದರಿಂದ ಆಗಬೇಕಾದುದು ಏನೂ ಇಲ್ಲ.) 1947ರ ತರುವಾಯ ಆ ಸಮುದಾಯದ ಅನೇಕ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಗೆ ತೆರಳಿದುವು.

1990ರ ದಶಕದಲ್ಲಿ ಸಮೀಪದ ಪಟ್ಟಂದೂರು ಅಗ್ರಹಾರದ ನೆಲದ ಮೇಲೆ ತಂತ್ರಜ್ಞಾನ ಪಾರ್ಕು ತಲೆಯೆತ್ತಿತು. ಭೂಮಿಯ ಬೆಲೆಯು ಬೆಂಕಿಯಾಯಿತು. ವೃತ್ತದ ಹಳೆಯ ಬಂಗಲೆಗಳು ಒಂದೊಂದಾಗಿ ಕೆಡವಲ್ಪಟ್ಟು, ಉಳಿದವು ಬೆರಳೆಣಿಕೆಯಷ್ಟು. 2023ರಲ್ಲಿ ಮೆಟ್ರೋ ರೈಲೂ ಆ ಕಡೆಗೆ ಬಂದಿತು. ಆದರೆ ಇನ್ನರ್ ಸರ್ಕಲ್ಲಿಗೆ ಹೋದವನು ಈಗಲೂ ನೇರವಾಗಿ ನಡೆಯಲಾರ; ಬಯಲನ್ನು ಬಲವಂದೇ ಮುಂದಕ್ಕೆ ಹೋಗಬೇಕು.